ಎಂಬತ್ತು ಮನೆಯ ಹಾಳೆ

ಆ ವರ್ಷ ನಮ್ಮ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ದೊಡ್ಡದು ಉಪ್ಪಿನ ಒಲೆ, ಅದರ ಮೇಲೆ ನಮಗೆಲ್ಲ ಅಡಿಗೆ. ಅದರ ಬಗಲಿಗೆ ಆಯಿ ಹೊಸದಾಗಿ ಹೂಡಿದ ಸಣ್ಣದು ಸಪ್ಪನ ಒಲೆ, ಅದರ ಮೇಲೆ ಈರಣ್ಣ ಕಾಕಾನ ಬೇಳೆ, ಕಾಕಾನ ಪಲ್ಯ. ಆಯಿ ಅಂದರೆ ನನ್ನ ಅಪ್ಪನ ಅವ್ವ. ಕಾಕಾ ಅವಳ ಕಿರಿಯ ಮಗ. ಎರಡು ಗಡಿಗೆಯ ಚಮಚ ಒಂದಕ್ಕೊಂದು ತಾಗಬಾರದು ಎಂದು ಆಯಿ ಎಷ್ಟು ಕಟ್ಟುನಿಟ್ಟು ಮಾಡುತ್ತಿದ್ದಳೆಂದರೆ, ಒಮ್ಮೆ ನನ್ನ ಅವ್ವ ಮರೆತು ಉಪ್ಪಿನ ಗಡಿಗೆಯ ಚಮಚದಲ್ಲೇ ಸಪ್ಪನ ಬೇಳೆ ತಿರುವಿದಳೆಂದು ಇಡೀ ಗಡಿಗೆಯನ್ನು ದನದ ಕಲಗಚ್ಚಿಗೆ ಸುರಿದುಬಿಟ್ಟಿದ್ದಳು. ಅತ್ತೆ ಸೊಸೆ ಎರಡು ದಿನ ಮಾತಾಡಲಿಲ್ಲ. ಕಾಕಾನಿಗೆ ಒಬ್ಬನಿಗೇ ಯಾಕೆ ಸಪ್ಪನ ಊಟ ಎಂದು ಆಯಿಯೂ ಅವನ ಜೊತೆ ಉಪ್ಪು ಬಿಟ್ಟಳು. ಬೇಡ ಅಂದವರಿಗೆಲ್ಲ ಒಂದೇ ಉತ್ತರ: "ನನ್ನ ನಾಲಿಗಿ, ನನ್ನ ಖುಷಿ."

ಕಾಕಾ ಪುಣೆಯಲ್ಲಿ ಒಂದು ದೊಡ್ಡ ಕಚೇರಿಯಲ್ಲಿದ್ದ. ಅಲ್ಲಿ ಲೆಕ್ಕ ಮಾಡುವ ಒಂದು ಯಂತ್ರ ಇತ್ತು, ನಮ್ಮ ಪಡಸಾಲೆಯಷ್ಟು ದೊಡ್ಡದಂತೆ. ಅದಕ್ಕೆ ತಿಳಿಯುವ ಭಾಷೆಯಲ್ಲಿ ಕೆಲಸ ಬರೆದು ಕೊಡುವುದು, ಹೊಸದಾಗಿ ಬಂದವರಿಗೆ ಆ ಭಾಷೆ ಕಲಿಸುವುದು ಅವನ ನೌಕರಿ. ಭಾಷೆಯ ಹೆಸರು ಫೋರ್ಟ್ರಾನ್. ದೀಪಾವಳಿ ಮುಗಿದ ಮೇಲೆ ಬಾಗೇವಾಡಿ ಕಡೆಯಿಂದ ಬರುವ ಬಸ್ಸಿನಲ್ಲಿ ಅವನು ಮುದ್ದೇಬಿಹಾಳಕ್ಕೆ ಬಂದಿಳಿದಾಗ ಮುಖ ಗುಂಡಗಾಗಿತ್ತು, ಕೆನ್ನೆ ತುಂಬಿತ್ತು. ಆಯಿ ಅವನ ಗದ್ದ ಹಿಡಿದು, "ಪುಣೇದ ನೀರು ಹತ್ತೇತಿ ನನ್ನ ಮಗಗ," ಎಂದು ಹಿಗ್ಗಿದಳು. ಆ ಹಿಗ್ಗು ಬಸ್‌ಸ್ಟ್ಯಾಂಡಿನಿಂದ ಮನೆತನಕ ಬಾಳಿತು. ಮನೆಯಲ್ಲಿ ಅವನು ಬೂಟು ಕಳಚಿದಾಗ ಕಾಲಿನ ಮೇಲೆ ಬೂಟಿನ ಅಂಚು ಒತ್ತಿದಲ್ಲಿ ಅರ್ಧ ಬೆರಳು ಆಳದ ಕುಳಿ ಬಿದ್ದಿತ್ತು. ಎರಡೂ ಮೂತ್ರಪಿಂಡ ಸೋತಿವೆ ಎಂದು ಪುಣೆಯ ವೈದ್ಯರು ಬರೆದುಕೊಟ್ಟ ಚೀಟಿ ಅಂಗಿಯ ಕಿಸೆಯಲ್ಲಿತ್ತು. ಆಯಿ ಆ ಕುಳಿಯನ್ನು ಬೆರಳಿನಿಂದ ಸವರಿ ಸವರಿ ತುಂಬಲು ನೋಡುತ್ತಿದ್ದಳು. ನಾನು ಆಗ ಏಳನೆಯ ತರಗತಿ. ಅದನ್ನು ಈಗಲೂ ನೆನೆಯಲು ನನಗೆ ಧೈರ್ಯ ಸಾಲುವುದಿಲ್ಲ.

ಅವನ ಟ್ರಂಕಿನಲ್ಲಿ ಬಟ್ಟೆ ಕಡಿಮೆ, ಕಾಗದ ಹೆಚ್ಚು. ತೂತು ತೂತಿನ ದಪ್ಪ ಕಾರ್ಡುಗಳ ಕಟ್ಟು, ಚೌಕುಳಿ ಗೆರೆ ಹಾಕಿದ ಹಾಳೆಗಳ ಕಟ್ಟು. ಆಯಿ ಒಂದು ಕಾರ್ಡನ್ನು ಬೆಳಕಿಗೆ ಹಿಡಿದು, "ಇದೇನೋ ಈರ್ಯಾ, ಕಾಗದದ ಸಾಣಿಗಿ ತಂದೀಯಲ್ಲ. ಇದರಾಗ ಏನ ಹಿಡೀತಿ, ರವಾನೋ ಹಿಟ್ಟೋ?" ಎಂದು ಕೇಳಿದಳು. ಕಾಕಾ ನಕ್ಕ. ಒಂದೊಂದು ಕಾರ್ಡು ಒಂದೊಂದು ವಾಕ್ಯ, ತೂತುಗಳೇ ಅಕ್ಷರ, ಯಂತ್ರ ಇವನ್ನು ಓದುತ್ತದೆ ಎಂದು ಹೇಳಿದ. ಆಯಿ ನಂಬಲಿಲ್ಲ. ಆದರೆ ಓದುವ ವಸ್ತು ಎಂದ ಮೇಲೆ ಕಾಲು ತಾಗಬಾರದೆಂದು ಆ ಕಟ್ಟನ್ನು ಗೂಡಿನಲ್ಲಿ ಎತ್ತಿಟ್ಟಳು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗೋಡೆ ಎರಡು ಮೊಳ ದಪ್ಪ, ಕಿಟಕಿ ಇಲ್ಲವೆಂದರೂ ಸರಿ. ಪಡಸಾಲೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ. ಬಿಸಿಲಿನ ಒಂದು ತುಂಡು ಬೆಳಿಗ್ಗೆ ಪಡುವಣ ಗೋಡೆಯ ಬುಡದಲ್ಲಿ ಬೀಳುತ್ತಿತ್ತು, ಸರಿಯುತ್ತ ಸರಿಯುತ್ತ ಸಂಜೆಗೆ ಮೂಡಣ ಗೋಡೆ ಹತ್ತುತ್ತಿತ್ತು. ಕಾಕಾ ಚಾಪೆ ಹಾಸಿಕೊಂಡು ಆ ಬಿಸಿಲಿನ ತುಂಡಿನ ಜೊತೆ ಜೊತೆಗೆ ಸರಿಯುತ್ತಿದ್ದ. ಕೈಯಲ್ಲಿ ಒಂದು ಉದ್ದನೆಯ ರೂಲು ಪುಸ್ತಕ. ಯಂತ್ರದ ಭಾಷೆಯನ್ನು ಕನ್ನಡದಲ್ಲಿ ಕಲಿಸುವ ಪುಸ್ತಕ ಬರೆಯುತ್ತೇನೆ ಎಂದು ಬಂದ ವಾರದಲ್ಲೇ ಹಟ ಹಿಡಿದಿದ್ದ. ಇದ್ದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಅವನ್ನು ಬರೆದವರು ಓದುವವನ ಎದುರಿಗೇ ಯಂತ್ರ ಇದೆ ಎಂದುಕೊಂಡು ಬರೆದಿದ್ದರು.

"ಮುದ್ದೇಬಿಹಾಳದಾಗ ಚಾಪಿ ಮ್ಯಾಲ ಕುಂತವ್ರಿಗೆ ಯಾರೂ ಬರದಿಲ್ಲ," ಅನ್ನುತ್ತಿದ್ದ ಕಾಕಾ.

ಮೊದಲು ಅಪ್ಪನ ಮೇಲೆ ಪ್ರಯೋಗ ಮಾಡಿದ. ಹೊಲದಿಂದ ದಣಿದು ಬಂದ ಅಪ್ಪ ಎರಡನೆಯ ವಾಕ್ಯಕ್ಕೆ ಗೊರಕೆ ಹೊಡೆದ. ಹಾಗಾಗಿ ಉಳಿದವಳು ನಾನು. ಪಡಸಾಲೆಯ ಹಾಸುಗಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಎಂಬತ್ತು ಚೌಕ ಗೀಚಿದ. ಚೌಕಾಬಾರಾ ಆಡುವವರಿಗೆ ಚೌಕ ಅಂದರೆ ಮನೆ, ಆದ್ದರಿಂದ ನಮಗೆ ಅವು ಎಂಬತ್ತು ಮನೆಗಳಾದವು. ಒಂದು ಸಾಲಿಗೆ ಎಂಬತ್ತು ಮನೆ, ಒಂದು ಮನೆಗೆ ಒಂದೇ ಅಕ್ಷರ. ಮೊದಲ ಐದು ಮನೆ ವಾಕ್ಯದ ನಂಬರಿಗೆ. ಆರನೆಯದು ಸಾಮಾನ್ಯವಾಗಿ ಖಾಲಿ. ಏಳನೆಯದರಿಂದ ಮಾತು ಶುರು. ಮೊದಲ ಮನೆಯಲ್ಲಿ C ಎಂದು ಬರೆದರೆ ಆ ಇಡೀ ಸಾಲು ಮನುಷ್ಯರಿಗೆ, ಯಂತ್ರ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತದೆ. ಈ ಕಡೆಯ ನಿಯಮ ನನಗೆ ಯಾಕೋ ರುಚಿಸಲಿಲ್ಲ. ಯಂತ್ರ ಓದದೇ ಇದ್ದರೆ ಬರೆಯುವುದ್ಯಾಕೆ ಎಂದು ಬಿಟ್ಟುಬಿಟ್ಟೆ. ಸೊನ್ನೆಗೆ ಅಡ್ಡ ಗೆರೆ ಹಾಕಬೇಕು, ಇಲ್ಲದಿದ್ದರೆ ಹಾಳೆ ನೋಡಿ ಕಾರ್ಡಿಗೆ ತೂತು ಹೊಡೆಯುವವರು ಅದು O ಅಕ್ಷರ ಎಂದುಕೊಳ್ಳುತ್ತಾರೆ ಎನ್ನುವುದು ಮಾತ್ರ ತುಂಬ ಹಿಡಿಸಿತು. ಶಾಲೆಯ ಗಣಿತದ ಪೇಪರಿನಲ್ಲೂ ಸೊನ್ನೆಗಳಿಗೆಲ್ಲ ಗೆರೆ ಎಳೆದು ಬಂದೆ. ಹೊಡೆದುಹಾಕಿದ ಅಂಕಿ ಎಂದು ಮಾಸ್ತರರು ಒಂದಕ್ಕೂ ಗುಣ ಕೊಡಲಿಲ್ಲ.

ಇನ್ನೊಂದು ದಿನ ದೊಡ್ಡ ಜಗಳವೇ ಆಯಿತು. ಕಾಕಾ X = X + 1 ಎಂದು ಬರೆದ. ನಾನು ಒಪ್ಪಲಿಲ್ಲ.

"ಎರಡೂ ಕಡೆ ಸಮ ಇಲ್ಲಲ್ಲ ಕಾಕಾ! ಹಿಂಗ ಬರದ್ರ ಮಾಸ್ತರ್ರು ಕಿವಿ ಹಿಂಡ್ತಾರ."

"ಸಮ ಐತಿ ಅಂತ ಯಾರ ಹೇಳಿದ್ರು? ಅಡಗಿಮನ್ಯಾಗ ನಿಮ್ಮವ್ವನ ಡಬ್ಬಿ ಅದಾವಲ್ಲ, ಹಂಗ X ಒಂದು ಡಬ್ಬಿ. ಅದರಾಗ ಇದ್ದದ್ದು ತಗಿ, ಒಂದು ಕೂಡಸು, ತಿರಗಿ ಅದರಾಗ ಇಡು. ಹೊಸಾದು ಇಟ್ಟಿ ಅಂದ್ರ ಹಳೇದು ಹೋತು."

"ಹಂಗಂತ ನಿಮ್ಮ ಪುಸ್ತಕದಾಗ ಬರದಿಲ್ಲ."

ಕಾಕಾ ಪುಸ್ತಕ ತೆರೆದು ನೋಡಿದ. ನಿಜವಾಗಿಯೂ ಬರೆದಿರಲಿಲ್ಲ. ಇಡೀ ಪುಟಕ್ಕೆ ಅಡ್ಡ ಗೆರೆ ಹೊಡೆದು, ಡಬ್ಬಿಯ ಮಾತಿನಿಂದ ಶುರು ಮಾಡಿ ಹೊಸದಾಗಿ ಬರೆದ. ಅವನು ಪಾಠ ಮಾಡುತ್ತಿದ್ದ ರೀತಿಯೇ ಇದು. ಬರೆದದ್ದನ್ನು ನನಗೆ ಓದಲು ಕೊಟ್ಟು ತಾನು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ. ನಾನು ಎಲ್ಲಿ ಹುಬ್ಬು ಗಂಟಿಕ್ಕಿದರೂ ಅಲ್ಲಿ ಪೆನ್ಸಿಲ್ ಗುರುತು ಹಾಕುತ್ತಿದ್ದ. "ನಿನಗ ತಿಳೀಲಿಲ್ಲ ಅಂದ್ರ ತಪ್ಪು ನಿಂದಲ್ಲ ನೀಲವ್ವ, ನನ್ನ ವಾಕ್ಯದ್ದು," ಎಂದು ಅವನು ಹೇಳಿದ ದಿನ ನಾನು ದಂಗಾಗಿದ್ದೆ. ತಪ್ಪು ಕಲಿಯುವವರದ್ದಲ್ಲ ಎಂದು ಅಲ್ಲಿಯತನಕ ಯಾವ ದೊಡ್ಡವರೂ ನನಗೆ ಹೇಳಿರಲಿಲ್ಲ. ಮುಂದೆ ಇಂಡಿಯಲ್ಲಿ, ಸಿಂದಗಿಯಲ್ಲಿ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಅಷ್ಟೂ ವರ್ಷ ನಾನು ತಿಂದದ್ದು ಈ ಒಂದು ಮಾತಿನ ಅನ್ನ.

ಚಳಿ ಮುಗಿಯುವ ಹೊತ್ತಿಗೆ ಕಾಕಾನ ಊತ ಮುಖದಿಂದ ಕೈಗೆ ಇಳಿಯಿತು. ಬೆರಳು ದಪ್ಪಗಾಗಿ ಪೆನ್ನು ಹಿಡಿಯಲು ತ್ರಾಸಾಗುತ್ತಿತ್ತು, ಅಕ್ಷರ ಹಿಗ್ಗುತ್ತ ಹೋಯಿತು. ಮೀರಜಿನ ದವಾಖಾನೆಗೆ ಒಯ್ಯಬೇಕು ಎಂದು ಊರಿನ ಡಾಕ್ಟರು ಅಪ್ಪನಿಗೆ ಹೇಳಿದರು. ಅಣ್ಣ ತಮ್ಮಂದಿರ ಜಗಳ ನಾನು ಮೊದಲ ಸಲ ಕೇಳಿದ್ದು ಆವಾಗ.

"ನಾಳಿ ಮುಂಜಾನಿ ಬಸ್ಸಿಗೆ ನಡಿ ಅಂದ್ರ ನಡಿ. ಪುಸ್ತಕ ಎಲ್ಲಿ ಓಡಿ ಹೊಕ್ಕೈತೇನು?" ಎಂದ ಅಪ್ಪ.

"ಪುಸ್ತಕ ಮುಗಿದೈತಿ ಅಣ್ಣಾ. ಅದು ಖರೇನೋ ಸುಳ್ಳೋ ಅನ್ನೂದು ಗೊತ್ತಾಗಬೇಕು. ಇದನ್ನ ಓದಿ ನೀಲವ್ವ ತಾನ ಒಂದು ಪ್ರೋಗ್ರಾಮ್ ಬರೀಲಿ. ಪುಣೇಕ ಕಳಸ್ತೇನಿ. ನನ್ನ ಗೆಳ್ಯಾ ಅದನ್ನ ಯಂತ್ರಕ್ಕ ಹಾಕಸ್ತಾನ. ಉತ್ತರ ಸರಿ ಬಂತಂದ್ರ ಯಂತ್ರ ಕಾಣದವ್ರೂ ಕಲೀಬಹುದು ಅಂತ ಆತು. ಇಲ್ಲಂದ್ರ ಇದು ಬರೇ ಕಾಗದ. ಆ ಕಾಗದ ಬರ್ಲಿ, ಮಾರನೇ ದಿನಾನ ನಾ ಮೀರಜಕ್ಕ ಬರ್ತೇನಿ."

"ಅಷ್ಟರಾಗ ನಿನಗ ಏನರ ಆದ್ರ?"

"ಆದ್ರ ಆತು. ಅದನ್ನ ನೋಡದ ಹೋದ್ರ ಮೀರಜಿನ್ಯಾಗ ಹೆಂಗ ಮಲಗ್ಲಿ?"

ಅಪ್ಪ ಹೊಸ್ತಿಲ ಮೇಲೆ ಕುಕ್ಕರಿಸಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಾನು ಕಂಬದ ಹಿಂದೆ ನಿಂತಿದ್ದೆ. ಒಬ್ಬ ಮನುಷ್ಯ ದವಾಖಾನೆಗೆ ಹೋಗುವುದು ನಿಂತಿರುವುದು ನನ್ನ ಹಾಳೆಯ ಮೇಲೆ ಎಂದು ನನಗೆ ಆಗ ತಿಳಿಯಿತು.

ಏನು ಬರೆಯುವುದು ಎಂದು ಗೊತ್ತು ಮಾಡಿದವಳು ಆಯಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಸವ್ವಾ ಮಗ್ಗಿ, ಅಂದರೆ ಒಂದೂಕಾಲರ ಮಗ್ಗಿ, ಇಪ್ಪತ್ತರ ತನಕ ಬಾಯಲ್ಲೇ ಇತ್ತು. ರೊಟ್ಟಿ ಬಡಿಯುವಾಗ ಆ ತಾಳಕ್ಕೆ ಹೇಳಿಕೊಳ್ಳುತ್ತಿದ್ದಳು. "ನಿನ್ನ ಯಂತ್ರ ಅಷ್ಟ ಶಾಣ್ಯಾ ಇದ್ರ ಸವ್ವಾ ಮಗ್ಗಿ ಹೇಳ್ಲಿ ನೋಡೂಣು. ನಾ ತಾಳೆ ಹಾಕ್ತೇನಿ," ಎಂದಳು. ನಾನು ಹನ್ನೊಂದು ಸಾಲಿನ ಪ್ರೋಗ್ರಾಮ್ ಬರೆದೆ. ಸುಣ್ಣದ ಮನೆಗಳ ಮೇಲೆ ಎಷ್ಟು ಸಲ ಬರೆದು ಅಳಿಸಿದೆನೋ. ನಾನೇ ಯಂತ್ರವಾಗಿ, ಡಬ್ಬಿಗಳಲ್ಲಿ ಜೋಳದ ಕಾಳು ಹಾಕಿ ತೆಗೆದು, ಇಪ್ಪತ್ತು ಸುತ್ತು ನಡೆಸಿ ನೋಡಿದೆ. ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ತೋರಿಸಲು ಹೋದರೆ ಕಣ್ಣು ಮುಚ್ಚುತ್ತಿದ್ದ.

"ನಾ ನೋಡಿದ್ರ ಅದು ನಂದಾಕ್ಕೈತಿ ನೀಲವ್ವ. ಪುಸ್ತಕ ಕೇಳು, ನನ್ನ ಕೇಳಬ್ಯಾಡ."

ಒಂದು ರವಿವಾರ ಮಧ್ಯಾಹ್ನ ಸ್ವಚ್ಛ ಪ್ರತಿ ಮಾಡಲು ಕುಳಿತೆ. ಟ್ರಂಕಿನಿಂದ ಹೊಸ ಹಾಳೆ ತೆಗೆದು ಬಿಸಿಲಿನ ತುಂಡಿನಲ್ಲಿಟ್ಟು ಮಸಿ ಪೆನ್ನಿನಿಂದ ಮುತ್ತಿನಂತೆ ಬರೆಯಬೇಕು. ಮೊದಲ ಸಾಲು ಖಾಲಿ ಬಿಟ್ಟು ಎರಡನೆಯದರಿಂದ ಶುರು ಮಾಡಿದೆ. ಹನ್ನೊಂದೂ ಸಾಲು ಬರೆದು ಮುಗಿಸಿದಾಗ ಆಯಿ ಬಂದು ತಲೆಯ ಮೇಲೆ ನಿಂತಳು.

"ಎಲ್ಲಾ ಬರದೀ?"

"ಬರದೆ ಆಯಿ."

"ಮ್ಯಾಲ ಶ್ರೀ ಹಾಕೀಯೇನು?"

ನಮ್ಮ ಮನೆಯಲ್ಲಿ ಶ್ರೀ ಇಲ್ಲದೆ ಕಾಗದವಿಲ್ಲ. ಬೀಗರಿಗೆ ಬರೆದ ಪತ್ರವಿರಲಿ, ಶಾಲೆಯ ಪಾಟಿಯಿರಲಿ, ಕಿರಾಣಿ ಸಾಮಾನಿನ ಚೀಟಿಯೇ ಇರಲಿ, ಮೇಲೆ ಶ್ರೀ ಇರಲೇಬೇಕು. ಅಕ್ಷರ ಬಾರದ ಆಯಿಗೆ ಕಾಗದದ ಮೇಲೆ ಗುರುತು ಸಿಗುತ್ತಿದ್ದ ಆಕಾರ ಅದೊಂದೇ. "ಅಷ್ಟ ದೂರ ಹೊಂಟೈತಿ, ನನ್ನ ಮಗನ ಜೀವದ ಕೆಲಸ ಐತಿ. ಬರಿ ತಲೀಲೆ ಕಳಸ್ತೀಯೇನು?" ಎಂದಳು. ಸರಿಯೇ ಅನ್ನಿಸಿತು. ಆ ಹಾಳೆಯಲ್ಲಿ ಕನ್ನಡ ನಡೆಯುವುದಿಲ್ಲವೆಂದು ನೆನಪಿತ್ತು. ಹಾಗಾಗಿ ನನ್ನ ಶಾಣ್ಯಾತನವನ್ನೆಲ್ಲ ಬಳಸಿ, ಬಿಟ್ಟಿದ್ದ ಮೊದಲ ಸಾಲಿನಲ್ಲಿ, ಒಂದನೆಯ ಮನೆಯಿಂದ ನಾಲ್ಕನೆಯ ಮನೆತನಕ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ SHRI ಎಂದು ಬರೆದೆ. ಆಯಿ ಅದಕ್ಕೆ ಅರಿಶಿನದ ಬೊಟ್ಟು ಇಡಲು ಬಂದಳು. ಹಾಳೆ ಕೆಡುತ್ತದೆ ಎಂದು ನಾನು ಬೇಡ ಅಂದೆ. ನನಗೆ ಎಲ್ಲ ಗೊತ್ತಿತ್ತು ನೋಡಿ! ಕಾಕಾನಿಗೆ ಆ ಮಧ್ಯಾಹ್ನ ವಾಂತಿ ಹೆಚ್ಚಾಗಿ ಮಂಪರು ಹಿಡಿದಿತ್ತು. ಎಚ್ಚರ ಇದ್ದಿದ್ದರೂ ನೋಡುತ್ತಿರಲಿಲ್ಲ. ಮರುದಿನ ಲಕೋಟೆ ರಿಜಿಸ್ಟರ್ ಆಗಿ ಹೋಯಿತು.

ಉತ್ತರ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಮ್ಮ ಮನೆ ಟಪಾಲಿನವನ ದಾರಿಯನ್ನೇ ಕಾಯಿತು. ಅಪ್ಪ ಹೊಲಕ್ಕೆ ಹೋಗುವುದನ್ನೂ ತಡ ಮಾಡುತ್ತಿದ್ದ. ಒಂದು ದಿನ ಶಾಲೆಯಿಂದ ಬಂದಾಗ ಕಾಕಾ ಗೋಡೆಗೆ ಆತು ಎದ್ದು ಕುಳಿತಿದ್ದ. ಎಷ್ಟೋ ದಿನದ ಮೇಲೆ ಹಾಗೆ ಕುಳಿತದ್ದು. ಬದಿಯಲ್ಲಿ ಹರಿದ ಲಕೋಟೆ.

"ಬಂತು ನೀಲವ್ವ. ನಿನ್ನ ಮಗ್ಗಿ ಬಂತು. ಇಪ್ಪತ್ತಕ್ಕ ಇಪ್ಪತ್ತೂ ಸರಿ."

"ಎಲ್ಲೈತಿ ಕಾಕಾ? ತೋರಸ್ರಿ."

"ಟ್ರಂಕಿನ್ಯಾಗ ಜ್ವಾಕಿ ಮಾಡಿ ಇಟ್ಟೇನಿ. ಮಡಚಿದ್ರ ಹರದು ಹೊಕ್ಕೈತಿ, ಭಾಳ ತೆಳು ಕಾಗದ. ಮೀರಜಿನಿಂದ ಬಂದ ಮ್ಯಾಲ ಮೂರೂ ಮಂದಿ ಕುಂತ ನೋಡೂಣು."

ಆಯಿ ಓಡಿ ಹೋಗಿ ಗೋಧಿ ಹುಗ್ಗಿಗೆ ಇಟ್ಟಳು. ಹುಗ್ಗಿಗೆ ಉಪ್ಪು ಬೇಡವಲ್ಲ, ಆದ್ದರಿಂದ ಅವತ್ತು ಎಲ್ಲರಿಗೂ ಒಂದೇ ಗಡಿಗೆ, ಒಂದೇ ಒಲೆ. ಐದೂ ಜನ ಒಂದೇ ಸಾಲಿನಲ್ಲಿ ಕುಳಿತು ಒಂದೇ ಊಟ ಉಂಡೆವು. ಅಪ್ಪ ಕೂಡ ನನ್ನ ತಲೆ ಸವರಿದ. ಕಾಕಾ ಎರಡು ತುತ್ತು ತಿಂದು, ಆಮೇಲೆ ರೂಲು ಪುಸ್ತಕ ತರಿಸಿಕೊಂಡು, ದಪ್ಪ ಬೆರಳಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಏನೋ ಬಹಳ ಹೊತ್ತು ಬರೆಯುತ್ತಿದ್ದ. ಮುಗಿದ ಪುಸ್ತಕದಲ್ಲಿ ಇನ್ನೇನು ಬರೆಯುತ್ತಾನೆ ಎಂದು ನಾನು ಕೇಳಲಿಲ್ಲ. ನಾನು ಖುಷಿಯಲ್ಲಿದ್ದೆ. ಮಾರನೆಯ ದಿನ, ಮಾತು ಕೊಟ್ಟ ಹಾಗೆ, ಅಪ್ಪನ ಭುಜ ಹಿಡಿದು ಬಸ್ಸು ಹತ್ತಿದ.

ಹದಿನೆಂಟು ದಿನಕ್ಕೆ ಕಾಕಾನನ್ನು ಜೀಪಿನಲ್ಲಿ ತಂದರು. ಹೊಲದ ಬದುವಿನ ಬೇವಿನ ಮರದ ಕೆಳಗೆ ಮಣ್ಣು ಮಾಡಿದರು. ಆಯಿ ಅಳಲಿಲ್ಲ. ಟ್ರಂಕಿಗೆ ಬೀಗ ಹಾಕಿ ಬೀಗದ ಕೈಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಳು. ಮೂರು ದಿನದ ಮೇಲೆ ಅವ್ವ ಸಪ್ಪನ ಒಲೆ ತೆಗೆಯಲು ಹೋದಳು. ಆಯಿ ಅಡ್ಡ ಬಂದಳು. "ನಾ ಇನ್ನೂ ಇದ್ದೇನಲ್ಲ," ಅಂದಳಷ್ಟೆ. ಸಾಯುವ ತನಕ ಆಕೆ ಉಪ್ಪು ಮುಟ್ಟಲಿಲ್ಲ.

ಟ್ರಂಕು ತೆರೆದದ್ದು ಆರು ವರ್ಷದ ನಂತರ. ನಾನು ಮಾಸ್ತರಿಕೆಯ ತರಬೇತಿಗೆ ಹೊರಡುವವಳಿದ್ದೆ. ಕಾಕಾನ ಪುಸ್ತಕ ಒಯ್ಯುತ್ತೇನೆ ಎಂದಾಗ ಆಯಿ ದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ಕಣ್ಣಿಗೆ ಪೊರೆ ಬಂದಿತ್ತು, ನನ್ನ ಮುಖವೂ ಮಬ್ಬು ಮಬ್ಬು ಕಾಣುತ್ತಿತ್ತು ಅವಳಿಗೆ. ಬೆಳಕಿಂಡಿಯ ಕೆಳಗೆ ಕುಳಿತು ತೆರೆದೆ. ಪುಸ್ತಕದೊಳಗೆ ಆ ಕಾಗದ ನಾಲ್ಕು ಮಡಿಕೆಯಾಗಿ ಇತ್ತು. ಬಿಡಿಸಿದೆ. ಎಲ್ಲಕ್ಕಿಂತ ಮೇಲೆ SHRI. ಅದರ ಕೆಳಗೆ ಯಂತ್ರ ತನ್ನ ಅಕ್ಷರದಲ್ಲಿ ಛಾಪಿಸಿತ್ತು, ಈ ವಾಕ್ಯ ತಪ್ಪು ಎಂದು. ಅದರ ಕೆಳಗೆ ನನ್ನ ಹನ್ನೊಂದು ಸಾಲು, ಒಂದಕ್ಕೂ ತಪ್ಪಿನ ಗುರುತಿಲ್ಲ. ಕೆಲಸ ನಡೆಸಲಿಲ್ಲ ಎಂಬ ಒಂದು ಮಾತು. ಅಷ್ಟೆ. ಒಂದು ಅಂಕಿಯೂ ಇರಲಿಲ್ಲ. ಮೊದಲ ಮನೆಯಲ್ಲಿ ಒಂದೇ ಒಂದು C ಹಾಕಿ, ಆಮೇಲೆ ಶ್ರೀ ಬರೆದಿದ್ದರೆ ಮುಗಿದುಹೋಗುತ್ತಿತ್ತು. ಪುಣೆಯಲ್ಲಿ ಕಾರ್ಡಿಗೆ ತೂತು ಹೊಡೆಯುವವರದು ಬರೆದದ್ದನ್ನು ಬರೆದ ಹಾಗೆ ಹೊಡೆಯುವ ಕಸುಬು. ಅವರು ಮಾಡಿದ್ದು ಸರಿ. ಕಾಕಾ ಕಾದು ಕಾದು ನೋಡಿದ್ದು ಇದನ್ನು. ನಾನು ಶಾಲೆಯಿಂದ ಬರುವ ಮೊದಲೇ ನೋಡಿ, ಮಡಚಿ, ಗೋಡೆಗೆ ಆತು ನನಗಾಗಿ ನಗುತ್ತ ಕುಳಿತಿದ್ದ. ಆ ಹುಗ್ಗಿಯ ಎರಡು ತುತ್ತು ಅವನ ಗಂಟಲಲ್ಲಿ ಹೇಗೆ ಇಳಿದವೋ.

ಪುಸ್ತಕದ ಕಡೆಯ ಪುಟದಲ್ಲಿ ಆ ದಿನದ ದಪ್ಪ ದಪ್ಪ ಅಕ್ಷರ ಇದ್ದವು.

"ನಮ್ಮ ಕಡೆಯವರು ಮೇಲೆ ಶ್ರೀ ಬರೆಯದೆ ಏನನ್ನೂ ಶುರು ಮಾಡುವುದಿಲ್ಲ. ಬರೆಯಿರಿ. ಆದರೆ ಮೊದಲ ಮನೆಯಲ್ಲಿ C ಇಟ್ಟು, ಏಳನೆಯ ಮನೆಯಿಂದ ಬರೆಯಿರಿ. ಯಂತ್ರ ಅದಕ್ಕೆ ತಕರಾರು ಮಾಡುವುದಿಲ್ಲ, ಇದ್ದ ಹಾಗೆ ಛಾಪಿಸಿ ಕೊಡುತ್ತದೆ. ಇದನ್ನು ಮೊದಲೇ ಹೇಳದೆ ಬಿಟ್ಟದ್ದು ಪುಸ್ತಕ ಬರೆದವನ ತಪ್ಪು. ಕಲಿತವಳದ್ದಲ್ಲ."

ಎಷ್ಟು ಹೊತ್ತು ಅತ್ತೆನೋ ತಿಳಿಯದು. ದನಿ ಹೊರಗೆ ಬರದಂತೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಕಾಗದದ ಸಪ್ಪಳ ಕೇಳಿ ಆಯಿ ಗೋಡೆ ಹಿಡಿದುಕೊಂಡು ಬಂದು ನನ್ನ ಬದಿಗೆ ಕುಳಿತಳು.

"ಮಗ್ಗಿ ಕಾಗದ ಸಿಕ್ಕಿತೇನು? ಓದು. ಅವಾಗ ತಾಳೆ ಹಾಕೂದು ಹಂಗ ಉಳೀತು."

ಶ್ರೀ ಹಾಕು ಎಂದವಳು ಅವಳು. ಅದನ್ನು ಅವಳಿಗೆ ಹೇಳುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಕಾಗದ ಎರಡೂ ಕೈಯಲ್ಲಿ ಹಿಡಿದು ಓದತೊಡಗಿದೆ.

"ಒಂದ ಸವ್ವಾ ಒಂದೂಕಾಲು. ಎರಡ ಸವ್ವಾ ಎರಡೂವರಿ. ಮೂರ ಸವ್ವಾ ಮೂರೂ ಮುಕ್ಕಾಲು. ನಾಕ ಸವ್ವಾ ಐದು."

ಆಯಿ ಒಂದೊಂದಕ್ಕೂ ತೊಡೆಯ ಮೇಲೆ ಬೆರಳು ತಟ್ಟಿ ತಲೆ ಆಡಿಸಿದಳು. ಎಂಟಕ್ಕೆ ಹತ್ತು, ಹನ್ನೆರಡಕ್ಕೆ ಹದಿನೈದು, ಹದಿನಾರಕ್ಕೆ ಇಪ್ಪತ್ತು. ಹದಿನೇಳಕ್ಕೆ ಲೆಕ್ಕ ತಪ್ಪಿ ಇಪ್ಪತ್ತೊಂದೂವರಿ ಅಂದುಬಿಟ್ಟೆ.

"ಇಪ್ಪತ್ತೊಂದೂಕಾಲು," ಎಂದು ಆಯಿ ತಟ್ಟನೆ ತಡೆದಳು. "ಯಂತ್ರ ತಪ್ಪಿತೇನಬೇ?"

"ಯಂತ್ರ ತಪ್ಪಿಲ್ಲ ಆಯಿ. ನಾ ತಪ್ಪೇನಿ."

ಇಪ್ಪತ್ತು ಸವ್ವಾ ಇಪ್ಪತ್ತೈದಕ್ಕೆ ಮುಗಿಸಿದೆ. ಆಯಿ ತೊಡೆಯ ಮೇಲೆ ಬೆರಳು ತಟ್ಟುವುದನ್ನು ನಿಲ್ಲಿಸಿದಳು. "ಖರೇ ಐತಿ. ಎಲ್ಲಾ ಖರೇ ಐತಿ," ಎಂದಳು. ಆಮೇಲೆ ಕೈಚಾಚಿ ಕಾಗದದ ಮೇಲಂಚನ್ನು ಹುಡುಕಿ ಅದರ ಮೇಲೆ ಬೆರಳಿಟ್ಟಳು.

"ಮ್ಯಾಲ ಶ್ರೀ ಐತೇನು?"

"ಐತಿ ಆಯಿ," ಅಂದೆ.

ಅಷ್ಟು ಹೊತ್ತು ನಾನು ಅವಳಿಗೆ ಹೇಳಿದ್ದರಲ್ಲಿ ಆ ಕಾಗದದ ಮೇಲೆ ಇದ್ದದ್ದು ಅದೊಂದೇ.